ಟ್ಯೂಪಲ್ ಪಾಠ ಉತಾರದಿಂದ ಶುರುವಾಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಪಿಯು ವಿಜ್ಞಾನ ಇರಲಿ, ಬಿಸಿಎ ಇರಲಿ, ಡಿಪ್ಲೊಮಾ ಇರಲಿ, ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಭಾಗದಲ್ಲಿ ಕಂಪ್ಯೂಟರ್ ಓದುವ ಮಕ್ಕಳಿಗೆ ಇಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ತಪ್ಪಿದ್ದಲ್ಲ. ಅದರಲ್ಲಿ, ಲಿಸ್ಟ್ ಹಾಗೆಯೇ ಹಲವು ಬೆಲೆಗಳನ್ನು ಒಂದೇ ಹೆಸರಿನಡಿ ಸಾಲಾಗಿ ಇಡುವ ಟ್ಯೂಪಲ್ ಎಂಬುದೊಂದು ಪಾಠ. ಎನ್‌ಸಿಇಆರ್‌ಟಿಯ 11ನೇ ತರಗತಿ ಕಂಪ್ಯೂಟರ್ ವಿಜ್ಞಾನ ಪುಸ್ತಕದಲ್ಲಿ ಲಿಸ್ಟ್ 9ನೇ ಅಧ್ಯಾಯ; ಟ್ಯೂಪಲ್ ಮತ್ತು ಡಿಕ್ಷನರಿ ಎರಡೂ ಸೇರಿ 10ನೇ ಅಧ್ಯಾಯ. ಲಿಸ್ಟ್ ಪಾಠಕ್ಕೆ ವಾರ ಕಳೆದ ಮೇಲೆ ಟ್ಯೂಪಲ್ ಪಾಲಿಗೆ ಉಳಿಯುವುದು ಬಹುತೇಕ ಒಂದೇ ಸಾಲು: ಚೌಕ ಕಂಸ ಹಾಕಿದರೆ ಲಿಸ್ಟ್, ದುಂಡು ಕಂಸ ಹಾಕಿದರೆ ಟ್ಯೂಪಲ್; ಲಿಸ್ಟ್ ಬದಲಾಯಿಸಬಹುದು, ಟ್ಯೂಪಲ್ ಬದಲಾಯಿಸಲು ಬರುವುದಿಲ್ಲ. ಪರೀಕ್ಷೆಯಲ್ಲಿ ಅಂಕಕ್ಕೆ ಇಷ್ಟು ಸಾಕು. ಆದರೆ ಬದಲಾಯಿಸಲು ಬಾರದ ಲಿಸ್ಟ್ ಕಟ್ಟಿಕೊಂಡು ಏನು ಮಾಡಬೇಕು ಎಂದು ಒಬ್ಬ ವಿದ್ಯಾರ್ಥಿ ಎದ್ದು ಕೇಳಿದರೆ ಆ ಸಾಲಿನಲ್ಲಿ ಉತ್ತರವಿಲ್ಲ. ಜೊತೆಗೆ ಅದರ ಮೊದಲ ಅರ್ಧ ನಿಜವೂ ಅಲ್ಲ. ಅದನ್ನು ಮುಂದೆ ನೋಡೋಣ. ಟ್ಯೂಪಲ್ ಎಂದರೆ ಒಂದು ದಾಖಲೆ, ಅದರಲ್ಲಿ ಪ್ರತಿ ಸ್ಥಾನಕ್ಕೂ ಒಂದು ಅರ್ಥವಿದೆ ಎಂಬಲ್ಲಿಂದ ಪಾಠ ಆರಂಭಿಸಿ ಎಂಬುದು ಕಲಿಸುವವರಲ್ಲಿ ಮತ್ತು ಪ್ರಶ್ನೆಪತ್ರಿಕೆ ತೆಗೆಯುವವರಲ್ಲಿ ನಮ್ಮ ಕೋರಿಕೆ. ಅದಕ್ಕೆ ನಮ್ಮ ಭಾಗದ ಬಹಳಷ್ಟು ಮನೆಗಳಲ್ಲಿ ಒಂದು ಕಾಗದ ತಯಾರಿದೆ: ಹೊಲದ ಉತಾರ, ಅಂದರೆ ಪಹಣಿ.

ಒಂದು ಮಾತು ಮೊದಲೇ ಹೇಳಬೇಕು. ಈ ಪತ್ರದ ಉದಾಹರಣೆಗಳಲ್ಲಿ ವೇರಿಯಬಲ್ ಹೆಸರುಗಳು ಕನ್ನಡದಲ್ಲಿವೆ. 2008ರಲ್ಲಿ ಪೈಥಾನ್ 3 ಬಂದಾಗಿನಿಂದ ಇದಕ್ಕೆ ಅಡ್ಡಿಯಿಲ್ಲ, ಹೀಗೆಯೇ ಟೈಪ್ ಮಾಡಿದರೆ ಓಡುತ್ತದೆ. ಫಾರ್, ಇನ್, ಸಾರ್ಟೆಡ್, ಡಿವ್‌ಮಾಡ್ ಮುಂತಾದ ಪೈಥಾನ್‌ನ ಸ್ವಂತ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಒತ್ತಬೇಕು. ಇಲ್ಲಿ ಓದಲು ಅನುಕೂಲವಾಗಲೆಂದು ಅವನ್ನೂ ಕನ್ನಡದಲ್ಲಿ ಬರೆದಿದ್ದೇವೆ. ಎರಡು ಎಚ್ಚರ. ಲೆಕ್ಕದ ಅಂಕಿಗಳನ್ನು 1, 2, 3 ಎಂದೇ ಬರೆಯಬೇಕು, ೧, ೨, ೩ ಎಂದು ಬರೆದರೆ ಸಿಂಟ್ಯಾಕ್ಸ್ ಎರರ್. ಇನ್ನು "ಲಾಟ್‌ಗಳು" ತರಹದ ಪದ ಟೈಪ್ ಮಾಡುವಾಗ ಅರ್ಧಾಕ್ಷರದ ನಂತರ ಒತ್ತು ಕೂಡದಿರಲೆಂದು ಕೀಬೋರ್ಡ್ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತದೆ. ವೇರಿಯಬಲ್ ಹೆಸರಿನಲ್ಲಿ ಅದು ಬಂದರೆ ಪೈಥಾನ್ ಒಪ್ಪುವುದಿಲ್ಲ. ಪರದೆ ಮೇಲೆ ಸಾಲು ಸರಿಯಾಗೇ ಕಾಣುತ್ತಿರುತ್ತದೆ, ತಪ್ಪು ಎಲ್ಲಿದೆ ಎಂದು ತಿಳಿಯದು. ಹೆಸರಿಗೆ "ಲಾಟು", "ಹೊಲಗಳು" ಥರದ ಸ್ವರಾಂತ ಪದ ಆರಿಸಿಕೊಂಡರೆ ಈ ತೊಂದರೆಯೇ ಇಲ್ಲ.

ಈಗ ಉತಾರ. ಸರ್ವೆ ನಂಬರ್ 112, ಹಿಸ್ಸಾ 2ಅ, ವಿಸ್ತೀರ್ಣ 3 ಎಕರೆ 25 ಗುಂಟೆ ಎಂದು ಹಿಡಿಯೋಣ. ಪೈಥಾನ್‌ನಲ್ಲಿ:

ಉತಾರ = (112, "2ಅ", 3, 25)

ನಾಲ್ಕು ಸ್ಥಾನ, ನಾಲ್ಕಕ್ಕೂ ಬೇರೆ ಬೇರೆ ಅರ್ಥ. ಮೊದಲನೆಯದನ್ನು ಮೂರನೆಯದರ ಜಾಗದಲ್ಲಿ ಇಟ್ಟರೆ ಹೊಲ 112 ಎಕರೆ ಆಗಿಬಿಡುತ್ತದೆ. ನಡುವಿನ ಒಂದನ್ನು ಅಳಿಸಿದರೆ ಉಳಿದದ್ದು ಉತಾರವೇ ಅಲ್ಲ. ಟ್ಯೂಪಲ್ ಬಳಸಬೇಕೋ ಲಿಸ್ಟ್ ಬಳಸಬೇಕೋ ಎಂಬ ಗೊಂದಲ ಬಂದಾಗ ಇದೇ ಪರೀಕ್ಷೆ ಸಾಕು: ನಡುವಿನ ಒಂದನ್ನು ತೆಗೆದರೆ ಉಳಿದದ್ದಕ್ಕೆ ಅರ್ಥ ಉಳಿಯುತ್ತದೆಯೇ? ಊರಿನ ಎಲ್ಲ ಹೊಲಗಳ ಪಟ್ಟಿಯಲ್ಲಿ ಒಂದು ಹೊಲ ಕಡಿಮೆಯಾದರೂ ಅದು ಪಟ್ಟಿಯೇ, ಆದ್ದರಿಂದ ಅದು ಲಿಸ್ಟ್. ಒಂದು ಹೊಲದ ವಿವರದಲ್ಲಿ ಎಕರೆಯೇ ಬಿಟ್ಟುಹೋದರೆ ಅದು ವಿವರವಲ್ಲ, ಆದ್ದರಿಂದ ಅದು ಟ್ಯೂಪಲ್. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಟೆಂಡರ್ ಪಟ್ಟಿಯೂ ಹೀಗೆಯೇ. ದಿನವಿಡೀ ಲಾಟು ಸೇರುತ್ತಲೇ ಇರುವುದರಿಂದ ಇಡೀ ಪಟ್ಟಿ ಲಿಸ್ಟ್. ಲಾಟಿನ ಸಂಖ್ಯೆ, ಡಬ್ಬಿಯೋ ಕಡ್ಡಿಯೋ ಎಂಬ ತಳಿ, ಚೀಲ, ದರ ಕೂಡಿದ ಒಂದೊಂದು ಸಾಲು ಟ್ಯೂಪಲ್. ಟ್ಯೂಪಲ್‌ಗಳ ಲಿಸ್ಟ್ ಎಂಬ ಈ ಜೋಡಣೆ ನಿಜವಾದ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣಿಸುತ್ತದೆ.

ಬದಲಾಯಿಸಲು ಬಾರದು ಎಂಬುದರ ಅರ್ಥವೂ ಉತಾರದಲ್ಲೇ ಇದೆ. ತಂದೆಯ ಹೆಸರಿನ ಮೇಲೆ ವೈಟ್ನರ್ ಹಚ್ಚಿ ಮಗನ ಹೆಸರು ಬರೆದುಕೊಂಡರೆ ಆ ಕಾಗದಕ್ಕೆ ಬೆಲೆ ಇಲ್ಲ. ವಾರಸಾ ಆಗಬೇಕು, ಮ್ಯುಟೇಶನ್ ಆಗಬೇಕು, ಹೊಸ ಉತಾರ ಬರಬೇಕು. ಹಳೆಯದನ್ನು ಯಾರಾದರೂ ಕಡತದಲ್ಲಿ ಇಟ್ಟುಕೊಂಡಿದ್ದರೆ ಅದು ಇದ್ದ ಹಾಗೆಯೇ ಇರುತ್ತದೆ. ರಸ್ತೆ ಅಗಲ ಮಾಡುವಾಗ ಮೇಲಿನ ಹೊಲದಲ್ಲಿ 1 ಗುಂಟೆ ಹೋಯಿತು ಎಂದುಕೊಳ್ಳಿ. ಪೈಥಾನ್ ಸ್ಥಾನಗಳನ್ನು 0ಯಿಂದ ಎಣಿಸುವುದರಿಂದ ನಾಲ್ಕನೆಯದು [3]; ಉತಾರ[3] = 24 ಎಂದು ಬರೆದರೆ ಪೈಥಾನ್ ಟೈಪ್‌ಎರರ್ ಕೊಟ್ಟು ನಿಲ್ಲುತ್ತದೆ: ಟ್ಯೂಪಲ್ ಐಟಂ ಅಸೈನ್‌ಮೆಂಟ್ ಸಪೋರ್ಟ್ ಮಾಡುವುದಿಲ್ಲ ಎನ್ನುತ್ತದೆ. ಬರೆಯಬೇಕಾದದ್ದು ಹೀಗೆ ([:3] ಎಂದರೆ ಮೊದಲ ಮೂರು ಸ್ಥಾನ):

ಹಳೆಯದು = ಉತಾರ
ಉತಾರ = ಉತಾರ[:3] + (24,)

ಈಗ ಉತಾರ ಎಂಬ ಹೆಸರು ಹೊಸ ಟ್ಯೂಪಲ್ ಕಡೆ ತಿರುಗಿದೆ. ಹಳೆಯದು ಎಂಬುದರಲ್ಲಿ ಮೊದಲಿನಂತೆ 25 ಗುಂಟೆಯೇ ಇದೆ. "ಟ್ಯೂಪಲ್ ಬದಲಾಗುವುದಿಲ್ಲ ಅಂದಿರಿ, ಇಲ್ಲಿ ಬದಲಾಯಿತಲ್ಲ" ಎಂದು ವಿದ್ಯಾರ್ಥಿಗಳು ಕೇಳುವುದು ಇಲ್ಲೇ. ಬದಲಾದದ್ದು ಹೆಸರು ಯಾವುದಕ್ಕೆ ಅಂಟಿದೆ ಎಂಬುದು ಮಾತ್ರ. ಎರಡೂ ಹೆಸರುಗಳ ಐಡಿಯನ್ನು (ವಸ್ತುವಿನ ಗುರುತಿನ ಸಂಖ್ಯೆಯನ್ನು) ಪ್ರಿಂಟ್ ಮಾಡಿ ತೋರಿಸಿದರೆ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.

ಇದೇ ಎರಡು ಸಾಲನ್ನು ಲಿಸ್ಟ್‌ನಲ್ಲಿ ಮಾಡಿ ನೋಡಿ. ಉತಾರ = [112, "2ಅ", 3, 25], ಹಳೆಯದು = ಉತಾರ, ಆಮೇಲೆ ಉತಾರ[3] = 24. ಹಳೆಯದನ್ನು ಪ್ರಿಂಟ್ ಮಾಡಿದರೆ ಅದರಲ್ಲೂ 24 ಬರುತ್ತದೆ. ಎರಡು ಹೆಸರು, ವಸ್ತು ಒಂದೇ. ಸಾವಿರ ಸಾಲಿನ ಪ್ರೋಗ್ರಾಂನಲ್ಲಿ ಎಲ್ಲೋ ಒಂದು ಫಂಕ್ಷನ್ ತನಗೆ ಬಂದ ಲಿಸ್ಟ್ ಒಳಗೆ ಕೈಯಾಡಿಸಿದರೆ, ಅದನ್ನು ಕಳಿಸಿದವರ ಬಳಿ ಇರುವ ದಾಖಲೆಯೂ ಕೆಡುತ್ತದೆ, ಎರರ್ ಮಾತ್ರ ಎಲ್ಲೂ ಬರುವುದಿಲ್ಲ. ಟ್ಯೂಪಲ್ ಇರುವುದು ಈ ಕೆಡುಕನ್ನು ತಡೆಯಲು. ಟ್ಯೂಪಲ್ ಕಡಿಮೆ ಜಾಗ ಹಿಡಿಯುತ್ತದೆ, ವೇಗ ಹೆಚ್ಚು ಎಂದು ಗೈಡ್‌ಗಳಲ್ಲಿ ಮೊದಲ ಕಾರಣವಾಗಿ ಬರೆದಿರುತ್ತಾರೆ. ಸುಳ್ಳೇನಲ್ಲ. 64 ಬಿಟ್ ಕಂಪ್ಯೂಟರಿನ ಪೈಥಾನ್ 3.12ರಲ್ಲಿ ಖಾಲಿ ಟ್ಯೂಪಲ್ 40 ಬೈಟ್, ಖಾಲಿ ಲಿಸ್ಟ್ 56 ಬೈಟ್. ಹತ್ತು ಸಾಲಿನ ಲೆಕ್ಕದಲ್ಲಿ ಈ 16 ಬೈಟ್ ಯಾರ ಗಮನಕ್ಕೂ ಬರುವುದಿಲ್ಲ. ಅದನ್ನು ಕೊನೆಯ ಕಾರಣವಾಗಿ ಹೇಳಿದರೆ ಸಾಕು.

ಎಕರೆ–ಗುಂಟೆ ಇನ್ನೂ ಹೆಚ್ಚು ಕಲಿಸುತ್ತದೆ. 3 ಎಕರೆ 25 ಗುಂಟೆಯನ್ನು 3.25 ಎಂದು ದಶಮಾಂಶದಲ್ಲಿ ಬರೆದುಕೊಳ್ಳುವ ರೂಢಿ ಬಹಳ ಕಡೆ ಇದೆ, ವಿದ್ಯಾರ್ಥಿಗಳೂ ಹಾಗೇ ಬರೆಯುತ್ತಾರೆ. ಅಲ್ಲಿಂದ ಲೆಕ್ಕ ಹಳಿ ತಪ್ಪುತ್ತದೆ. 40 ಗುಂಟೆಗೆ ಒಂದು ಎಕರೆ. ಚುಕ್ಕಿಯ ಮುಂದಿನದು ನೂರರ ಲೆಕ್ಕವಲ್ಲ. 3.9 ಎಂದರೆ 3 ಎಕರೆ 9 ಗುಂಟೆ, ಆದರೆ ಕಂಪ್ಯೂಟರಿಗೆ ಅದು 3.25ಕ್ಕಿಂತ ದೊಡ್ಡದು. ಇನ್ನೂ ಕೆಟ್ಟದ್ದೆಂದರೆ 3.1 ಮತ್ತು 3.10 ಎರಡೂ ಒಂದೇ ಸಂಖ್ಯೆ: 3 ಎಕರೆ 1 ಗುಂಟೆಗೂ 3 ಎಕರೆ 10 ಗುಂಟೆಗೂ ವ್ಯತ್ಯಾಸವೇ ಅಳಿಸಿಹೋಯಿತು. ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾಡಿ "3-25", "3-9" ಎಂದು ಇಟ್ಟರೂ ಪಾರಾಗುವುದಿಲ್ಲ. ಅಕ್ಷರ ಅಕ್ಷರ ಹೋಲಿಸುವಾಗ 2ಕ್ಕಿಂತ 9 ದೊಡ್ಡದು, ಹಾಗಾಗಿ "3-9" ಮತ್ತೆ ಮೇಲೆ. ಟ್ಯೂಪಲ್‌ನಲ್ಲಿ (3, 25) > (3, 9) ಎಂದು ಕೇಳಿದರೆ ಟ್ರೂ ಎಂದು ಸರಿ ಉತ್ತರ ಬರುತ್ತದೆ. ಪೈಥಾನ್ ಮೊದಲು ಎಕರೆಗೆ ಎಕರೆ ಹೋಲಿಸುತ್ತದೆ. ಅದು ಸಮವಾದರೆ ಮಾತ್ರ ಗುಂಟೆಗೆ ಹೋಗುತ್ತದೆ. ತಲಾಠಿ ಕಣ್ಣಲ್ಲೇ ಮಾಡುವ ಹೋಲಿಕೆ ಇದು. ಆಣೆಯೂ ಬೇಕಿದ್ದರೆ ಮೂರನೆಯ ಸ್ಥಾನ ಸೇರಿಸಿ, 16 ಆಣೆಗೆ ಒಂದು ಗುಂಟೆ. ಹೋಲಿಕೆಯ ಸಾಲು ಬದಲಿಸಬೇಕಿಲ್ಲ. ಪೈಥಾನ್ ತನ್ನ ಆವೃತ್ತಿಯನ್ನೂ ಹೀಗೇ ಟ್ಯೂಪಲ್‌ನಂತೆ ಇಟ್ಟುಕೊಂಡಿದೆ, ಇಲ್ಲದಿದ್ದರೆ 3.10 ಎಂಬ ಆವೃತ್ತಿ 3.9ಕ್ಕಿಂತ ಹಿಂದಿನದು ಎಂದಾಗಿಬಿಡುತ್ತಿತ್ತು.

ಕೂಡಿಸುವಾಗ ಮಾತ್ರ ಎಚ್ಚರ. (3, 25) + (1, 20) ಎಂದರೆ ಬರುವುದು (3, 25, 1, 20). ಟ್ಯೂಪಲ್‌ಗಳ ನಡುವಿನ ಕೂಡು ಚಿಹ್ನೆಗೆ ಬೆಸೆಯುವುದು ಎಂದರ್ಥ, ಲೆಕ್ಕ ಮಾಡುವುದಲ್ಲ. ಎರಡರಿಂದ ಗುಣಿಸಿದರೂ ಅಷ್ಟೇ, (3, 25, 3, 25) ಆಗುತ್ತದೆ. ಎರರ್ ಬರದೇ ತಪ್ಪು ಉತ್ತರ ಬರುವ ಜಾಗ ಇದು. ಎಲ್ಲವನ್ನೂ ಗುಂಟೆಗೆ ಇಳಿಸಿ ಕೂಡಿಸಬೇಕು, ಆಮೇಲೆ ಮೇಲೆತ್ತಬೇಕು:

ಹೊಲಗಳು = [(3, 25), (1, 20)]
ಒಟ್ಟು = ಸಮ್(ಎ * 40 + ಗುಂ ಫಾರ್ ಎ, ಗುಂ ಇನ್ ಹೊಲಗಳು)
ಎಕರೆ, ಗುಂಟೆ = ಡಿವ್‌ಮಾಡ್(ಒಟ್ಟು, 40)

145 ಗುಂಟೆ, 60 ಗುಂಟೆ, ಒಟ್ಟು 205. ಉತ್ತರ 5 ಎಕರೆ 5 ಗುಂಟೆ. ಈ ಮೂರು ಸಾಲಿನಲ್ಲಿ ಟ್ಯೂಪಲ್‌ನ ಮುಖ್ಯ ಉಪಯೋಗಗಳು ಬಂದುಹೋದವು. ಫಾರ್ ಲೂಪ್ ಒಂದೊಂದು ಟ್ಯೂಪಲನ್ನು ಬಿಚ್ಚಿ ಎರಡು ಹೆಸರಿಗೆ ಹಂಚುತ್ತದೆ. ಡಿವ್‌ಮಾಡ್ ಭಾಗಲಬ್ಧ, ಶೇಷ ಎರಡನ್ನೂ ಒಂದೇ ಟ್ಯೂಪಲ್‌ನಲ್ಲಿ ಕೊಡುತ್ತದೆ. ಫಂಕ್ಷನ್ ಎರಡು ಬೆಲೆ ರಿಟರ್ನ್ ಮಾಡುತ್ತದೆ ಎಂದು ನಾವು ಹೇಳುತ್ತೇವೆ, ನಿಜವಾಗಿ ಅದು ಕೊಡುವುದು ಒಂದೇ ಟ್ಯೂಪಲ್. ಅ, ಬ = ಬ, ಅ ಎಂದು ಎರಡು ವೇರಿಯಬಲ್ ಅದಲುಬದಲು ಮಾಡುವ ಸಾಲಿನ ಒಳಗೂ ಇದೇ ನಡೆಯುತ್ತದೆ. ಎಡಗಡೆಯ ಹೆಸರುಗಳಿಗೂ ಬಲಗಡೆಯ ಬೆಲೆಗಳಿಗೂ ಲೆಕ್ಕ ತಾಳೆ ಆಗಬೇಕು. ನಾಲ್ಕು ಸ್ಥಾನದ ಉತಾರವನ್ನು ಮೂರು ಹೆಸರಿಗೆ ಬಿಚ್ಚಿದರೆ ವ್ಯಾಲ್ಯೂಎರರ್ ಬರುತ್ತದೆ. ಮೂರು ನಿರೀಕ್ಷೆ ಇತ್ತು, ಹೆಚ್ಚಿಗೆ ಬಂದಿವೆ ಎಂಬುದು ಅದರ ಸಾರ. ಸರ್ವೆ, ಹಿಸ್ಸಾ, *ಉಳಿದದ್ದು = ಉತಾರ ಎಂದು ನಕ್ಷತ್ರ ಹಾಕಿದರೆ ಹೆಚ್ಚಿನವೆಲ್ಲ ಅದಕ್ಕೆ ಸೇರುತ್ತವೆ. ಹಾಗೆ ಸೇರಿದ್ದು ಲಿಸ್ಟ್ ಆಗಿರುತ್ತದೆ, ಟ್ಯೂಪಲ್ ಅಲ್ಲ. ಇದನ್ನು ಬಹಳ ಮಂದಿ ಗಮನಿಸುವುದಿಲ್ಲ.

ಉತಾರ ನೋಡಿ ಟೈಪ್ ಮಾಡುವಾಗ ಇನ್ನೊಂದು ಎಡವಟ್ಟು ಆಗುತ್ತದೆ. ಕಾಗದದಲ್ಲಿ 5-05 ಎಂದಿರುತ್ತದೆ, ಹಾಗೇ (5, 05) ಎಂದು ಒತ್ತಿದರೆ ಸಿಂಟ್ಯಾಕ್ಸ್ ಎರರ್. ಪೈಥಾನ್ 3ರಲ್ಲಿ ಪೂರ್ಣಾಂಕದ ಮುಂದೆ ಸೊನ್ನೆ ಹಾಕುವಂತಿಲ್ಲ.

ಇನ್ನು ಕಂಸದ ವಿಷಯ. ದುಂಡು ಕಂಸ ಹಾಕಿದರೆ ಟ್ಯೂಪಲ್ ಎಂಬ ಮಾತು ತಪ್ಪು ಎಂದೆವಲ್ಲ. ಟ್ಯೂಪಲ್ ಮಾಡುವುದು ಕಾಮಾ. (5) ಎಂಬುದು ಬರೀ 5. (5,) ಎಂಬುದು ಟ್ಯೂಪಲ್. ಕಂಸವೇ ಇಲ್ಲದೆ 5, ಎಂದು ಬರೆದರೂ ಟ್ಯೂಪಲ್. ಕಾಮಾ ಬೇಡದಿರುವುದು ಖಾಲಿ ಟ್ಯೂಪಲ್‌ಗೆ ಮಾತ್ರ, ಅಲ್ಲಿ ಬರೀ ಕಂಸ ಸಾಕು. ಹಾಗಾಗಿ ದರ = 28500, ಎಂದು ಸಾಲಿನ ಕೊನೆಗೆ ಕೈತಪ್ಪಿ ಒಂದು ಕಾಮಾ ಬಿದ್ದರೆ ದರ ಸಂಖ್ಯೆಯಾಗಿ ಉಳಿಯುವುದಿಲ್ಲ. ಆ ಸಾಲಿನಲ್ಲಿ ಎರರ್ ಬರದು. ಹತ್ತು ಸಾಲು ಕೆಳಗೆ, ಅದಕ್ಕೆ ಹಮಾಲಿ ಕೂಡಿಸುವಲ್ಲಿ ಬರುತ್ತದೆ. ಹುಡುಕುವವರು ಅಲ್ಲೇ ಹುಡುಕುತ್ತಾ ಕೂರುತ್ತಾರೆ.

ಕಾಮಾ ಬಿಟ್ಟುಹೋದಾಗ ಆಗುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಪ್ರಾಜೆಕ್ಟ್ ಮಾಡುವ ಮಕ್ಕಳು ಹೆಚ್ಚಾಗಿ ಬೀಳುವುದು ಈ ಹೊಂಡಕ್ಕೆ. ಎಸ್‌ಕ್ಯೂಲೈಟ್ ಡೇಟಾಬೇಸ್‌ನಿಂದ ಒಂದು ಊರಿನ ವಿವರ ತೆಗೆಯುವಾಗ ಎಕ್ಸಿಕ್ಯೂಟ್ ಫಂಕ್ಷನ್‌ಗೆ ಮೊದಲು ಕ್ವೆರಿ, ಆಮೇಲೆ ಬೆಲೆಗಳ ಟ್ಯೂಪಲ್ ಕೊಡಬೇಕು. ಕ್ವೆರಿಯಲ್ಲಿ ಬೆಲೆ ಬರಬೇಕಾದ ಜಾಗ ತೋರಿಸುವ ಪ್ರಶ್ನಾರ್ಥಕ ಚಿಹ್ನೆ ಇರುವುದು ಒಂದೇ. ವಿದ್ಯಾರ್ಥಿ ("ಹುಬ್ಬಳ್ಳಿ") ಎಂದು ಕೊಡುತ್ತಾನೆ. ಒಂದು ಬೆಲೆ ಬೇಕಿತ್ತು, 9 ಬಂದಿವೆ ಎಂದು ಪ್ರೋಗ್ರಾಮಿಂಗ್‌ಎರರ್ ಬರುತ್ತದೆ. ಒಂಬತ್ತು ಎಲ್ಲಿಂದ ಬಂತು? ಕಾಮಾ ಇಲ್ಲದ್ದರಿಂದ ಅದು ಟ್ಯೂಪಲ್ ಆಗಲಿಲ್ಲ, ಸ್ಟ್ರಿಂಗ್ ಆಗಿಯೇ ಉಳಿಯಿತು. ಸ್ಟ್ರಿಂಗನ್ನು ಪೈಥಾನ್ ಒಂದೊಂದು ಯೂನಿಕೋಡ್ ಚಿಹ್ನೆಯಾಗಿ ಎಣಿಸಿತು. ನಮ್ಮ ಕಣ್ಣಿಗೆ ಹು, ಬ್ಬ, ಳ್ಳಿ ಎಂದು ಮೂರೇ ಅಕ್ಷರ. ಕಂಪ್ಯೂಟರಿಗೆ ಹ, ಉಕಾರ, ಬ, ವಿರಾಮ, ಬ, ಳ, ವಿರಾಮ, ಳ, ಇಕಾರ: ಒಂಬತ್ತು. ಗದಗ ಎಂದು ಕೊಟ್ಟಿದ್ದರೆ 3 ಎನ್ನುತ್ತಿತ್ತು, ಧಾರವಾಡಕ್ಕೂ ಹಾವೇರಿಗೂ 6. ಟ್ಯೂಪಲ್ ಫಂಕ್ಷನ್‌ಗೆ ಊರಿನ ಹೆಸರು ಕೊಟ್ಟು ಪ್ರಿಂಟ್ ಮಾಡಿಸಿದರೆ ಕನ್ನಡ ಯೂನಿಕೋಡ್ ಪಾಠವೂ ಅದರ ಜೊತೆಗೇ ಆಗುತ್ತದೆ. ಮದ್ದು ಒಂದು ಕಾಮಾ: ("ಹುಬ್ಬಳ್ಳಿ",). ಇಲ್ಲಿ ಕಳ್ಳತಪ್ಪೊಂದು ಅಡಗಿದೆ: ಪರೀಕ್ಷೆಗೆಂದು "ಅ" ಎಂಬ ಒಂದೇ ಅಕ್ಷರ ಕೊಟ್ಟು ಓಡಿಸಿದ್ದರೆ ಕಾಮಾ ಇಲ್ಲದೆಯೂ ಕೆಲಸ ನಡೆದಿರುತ್ತದೆ. ನಿಜವಾದ ಹೆಸರು ಬಂದ ದಿನ ಬೀಳುತ್ತದೆ.

ಅದೇ ಡೇಟಾಬೇಸ್‌ನಿಂದ ವಾಪಸು ಬರುವುದೂ ಟ್ಯೂಪಲ್ಲೇ. ಎಷ್ಟು ಲಾಟು ಇವೆ ಎಂದು ಎಣಿಸಲು ಕೇಳಿ ಫೆಚ್‌ವನ್ ಮಾಡಿದರೆ 42 ಬರುವುದಿಲ್ಲ, (42,) ಬರುತ್ತದೆ. ಅದನ್ನು 42ಕ್ಕೆ ಸಮವೇ ಎಂದು ಹೋಲಿಸಿದರೆ ಎಂದೆಂದಿಗೂ ಫಾಲ್ಸ್. [0] ಹಾಕಿ ತೆಗೆಯಬೇಕು, ಇಲ್ಲವೇ ಎಣಿಕೆ, = ಎಂದು ಎಡಗಡೆ ಕಾಮಾ ಹಾಕಿ ಬಿಚ್ಚಬೇಕು.

ಡಿಕ್ಷನರಿಯಲ್ಲಿ ಪ್ರತಿ ಬೆಲೆಯನ್ನೂ ಒಂದು ಕೀ ಕೊಟ್ಟು ಇಡುತ್ತೇವೆ, ಅದೇ ಕೀ ಕೊಟ್ಟು ತೆಗೆಯುತ್ತೇವೆ. ಆ ಕೀ ಆಗಿ ನಿಲ್ಲುವುದು ಟ್ಯೂಪಲ್‌ನ ಇನ್ನೊಂದು ದೊಡ್ಡ ಉಪಯೋಗ. ಬೆಳೆ[(112, "2ಅ")] = "ಹೆಸರುಕಾಳು" ಎಂದು ಬರೆಯಬಹುದು. ಅದೇ ಜಾಗದಲ್ಲಿ ಲಿಸ್ಟ್ ಇಟ್ಟರೆ ಟೈಪ್‌ಎರರ್, ಲಿಸ್ಟ್ ಹ್ಯಾಶ್ ಮಾಡಲು ಬರುವುದಿಲ್ಲ ಎಂಬ ದೂರು. ಏಕೆ ಎಂದು ತಿಳಿಯಲು ಹಳೆಯ ರೆಕಾರ್ಡ್ ರೂಮ್ ನೆನೆಸಿಕೊಳ್ಳಿ. ಕಾಗದದ ಗಂಟುಗಳನ್ನು ಅವುಗಳ ಮೇಲಿನ ನಂಬರ್ ನೋಡಿ ಆಯಾ ಖಾನೆಯಲ್ಲಿ ಇಟ್ಟಿರುತ್ತಾರೆ. ಇಟ್ಟ ಮೇಲೆ ಯಾರೋ ಗಂಟಿನ ಮೇಲಿನ ನಂಬರ್ ತಿದ್ದಿದರೆ ಹೊಸ ನಂಬರಿನ ಖಾನೆಯಲ್ಲಿ ಅದು ಸಿಗದು, ಹಳೆಯ ಖಾನೆಯಲ್ಲಿ ಸಿಕ್ಕರೂ ನಂಬರ್ ಕೂಡದು. ಡಿಕ್ಷನರಿಯೂ ಕೀಯಿಂದ ಹ್ಯಾಶ್ ಎಂಬ ಒಂದು ಸಂಖ್ಯೆ ಲೆಕ್ಕ ಹಾಕಿ ಖಾನೆ ಹುಡುಕುತ್ತದೆ, ಆದ್ದರಿಂದ ಒಳಗಿಟ್ಟ ಕೀ ಬದಲಾಗಕೂಡದು. ಇಲ್ಲಿ ಎರಡು ತಪ್ಪು ಮೇಲಿಂದ ಮೇಲೆ ಕಾಣುತ್ತವೆ. (112, 2) ಮತ್ತು (112, "2") ಬೇರೆ ಬೇರೆ ಕೀಗಳು. ಹಿಸ್ಸಾವನ್ನು ಒಂದು ಕಡೆ ಸಂಖ್ಯೆಯಾಗಿ, ಇನ್ನೊಂದು ಕಡೆ ಸ್ಟ್ರಿಂಗ್ ಆಗಿ ಓದಿದರೆ ಕೀಎರರ್. ಇನ್ನು ದೂರ[("ಹುಬ್ಬಳ್ಳಿ", "ಧಾರವಾಡ")] = 20 ಎಂದು ಇಟ್ಟು ಧಾರವಾಡದಿಂದ ಹುಬ್ಬಳ್ಳಿಗೆ ಕೇಳಿದರೂ ಕೀಎರರ್, ಏಕೆಂದರೆ ಕ್ರಮ ಬದಲಾದರೆ ಟ್ಯೂಪಲ್ ಬೇರೆ. ಬಸ್ಸಿನ ವೇಳಾಪಟ್ಟಿಗೆ ಹೀಗೇ ಇರಬೇಕು, ಹೋಗುವುದು ಬೇರೆ, ಬರುವುದು ಬೇರೆ. ದೂರ ಎರಡೂ ಕಡೆಯಿಂದ ಒಂದೇ ಆದ್ದರಿಂದ ಅಲ್ಲಿ ಎರಡು ಹೆಸರನ್ನೂ ಸಾರ್ಟೆಡ್ ಮಾಡಿ ಕೀ ಕಟ್ಟಬೇಕು. ಸಾರ್ಟೆಡ್ ಕೊಡುವುದು ಲಿಸ್ಟ್. ಅದನ್ನು ಮತ್ತೆ ಟ್ಯೂಪಲ್ ಮಾಡಲು ಮರೆಯಬಾರದು.

ಹಿಸ್ಸಾ ಇನ್ನೊಂದು ಕಡೆಯೂ ಕಾಡುತ್ತದೆ. ಸರ್ವೆ, ಹಿಸ್ಸಾ ಜೋಡಿಗಳ ಪಟ್ಟಿಯನ್ನು ಸಾರ್ಟ್ ಮಾಡುವಾಗ ಕೆಲವು ಹಿಸ್ಸಾ 2 ಎಂಬ ಸಂಖ್ಯೆ, ಕೆಲವು "2ಅ" ಎಂಬ ಸ್ಟ್ರಿಂಗ್ ಆಗಿದ್ದರೂ ಹತ್ತಿಪ್ಪತ್ತು ಸಾಲಿನಲ್ಲಿ ಏನೂ ಆಗುವುದಿಲ್ಲ. ಸರ್ವೆ ನಂಬರ್ ಬೇರೆ ಬೇರೆ ಇರುವವರೆಗೆ ಹೋಲಿಕೆ ಎರಡನೆಯ ಸ್ಥಾನಕ್ಕೆ ಹೋಗುವುದೇ ಇಲ್ಲ. ಒಂದೇ ಸರ್ವೆ ನಂಬರಿನ ಎರಡು ಸಾಲು ಎದುರಾದ ಕ್ಷಣ, ಸಂಖ್ಯೆಗೂ ಸ್ಟ್ರಿಂಗ್‌ಗೂ ಹೋಲಿಕೆ ಇಲ್ಲ ಎಂದು ಟೈಪ್‌ಎರರ್. ಹಿಸ್ಸಾವನ್ನು ಮೊದಲಿನಿಂದಲೂ ಸ್ಟ್ರಿಂಗ್ ಆಗಿಯೇ ಇಟ್ಟುಕೊಳ್ಳುವುದು ಸರಿ.

ಟ್ಯೂಪಲ್ ಒಳಗೆ ಲಿಸ್ಟ್ ಇದ್ದರೆ? ರೇಷನ್ ಕಾರ್ಡ್ ತೆಗೆದುಕೊಳ್ಳಿ.

ಕಾರ್ಡು = ("ಬಿಪಿಎಲ್", ["ಅಜ್ಜಿ", "ಅಪ್ಪ", "ಅವ್ವ"])

ಕಾರ್ಡು[1].ಅಪೆಂಡ್("ಕೂಸು") ಎಂದರೆ ತಕರಾರಿಲ್ಲದೆ ಸೇರುತ್ತದೆ. ಟ್ಯೂಪಲ್ ಹಿಡಿದಿರುವುದು ತನ್ನ ಎರಡನೆಯ ಸ್ಥಾನದಲ್ಲಿ ಯಾವ ಲಿಸ್ಟ್ ಇದೆ ಎಂಬುದನ್ನು ಮಾತ್ರ; ಆ ಲಿಸ್ಟ್ ಒಳಗೆ ಎಷ್ಟು ಮಂದಿ ಇದ್ದಾರೆ ಎಂಬುದು ಅದರ ಹಿಡಿತದಲ್ಲಿಲ್ಲ. ಆದರೆ ಕಾರ್ಡು[1] += ["ಕೂಸು"] ಎಂದು ಬರೆದರೆ ಟೈಪ್‌ಎರರ್ ಬರುತ್ತದೆ, ಕೂಸಿನ ಹೆಸರೂ ಸೇರಿರುತ್ತದೆ! ಎರಡೂ ಹೇಗೆ ನಿಜ? ಆ ಚಿಹ್ನೆ ಎರಡು ಹೆಜ್ಜೆಯ ಕೆಲಸ. ಮೊದಲು ಲಿಸ್ಟ್ ಇದ್ದಲ್ಲೇ ಬೆಳೆಯುತ್ತದೆ, ಅದು ಆಗಿಹೋಯಿತು. ಆಮೇಲೆ ಫಲಿತಾಂಶವನ್ನು ಟ್ಯೂಪಲ್‌ನ ಸ್ಥಾನಕ್ಕೆ ಮರಳಿ ಇಡಲು ಹೋಗುತ್ತದೆ, ಟ್ಯೂಪಲ್ ಬಿಡುವುದಿಲ್ಲ. ಎರರ್ ಬಂತು ಎಂದು ಅದೇ ಸಾಲನ್ನು ಮತ್ತೆ ಓಡಿಸಿದರೆ ಮನೆಯಲ್ಲಿ ಎರಡು ಕೂಸು. ಇಂಥ ಟ್ಯೂಪಲನ್ನು ಡಿಕ್ಷನರಿಯ ಕೀ ಮಾಡಲೂ ಬರುವುದಿಲ್ಲ. ಒಳಗಿನದೆಲ್ಲವೂ ಬದಲಾಗದಂಥದ್ದಾಗಿದ್ದರೆ ಮಾತ್ರ ಹ್ಯಾಶ್ ಸಿಗುತ್ತದೆ.

ಸ್ಥಾನಕ್ಕೆ ಅರ್ಥವಿದೆ ಎಂದರೆ ಸ್ಥಾನ ತಪ್ಪಿದರೆ ಅನರ್ಥ ಎಂದೂ ಆಯಿತು. ಹುಬ್ಬಳ್ಳಿ ಸುಮಾರು 15.36 ಉತ್ತರ ಅಕ್ಷಾಂಶ, 75.12 ಪೂರ್ವ ರೇಖಾಂಶದಲ್ಲಿದೆ. ಆಡುಮಾತಿನಲ್ಲಿ ಅಕ್ಷಾಂಶ ಮೊದಲು. ನಕ್ಷೆಯ ಮಾಹಿತಿ ಇಡುವ ಜಿಯೋಜೇಸನ್ ಎಂಬ ನಮೂನೆಯಲ್ಲಿ ರೇಖಾಂಶ ಮೊದಲು. (15.36, 75.12) ಎಂಬುದನ್ನು ಹಾಗೇ ಅಲ್ಲಿಗೆ ಹಾಕಿದರೆ ನಮ್ಮೂರು ನಾರ್ವೆಗೂ ಸ್ವಾಲ್ಬಾರ್ಡ್‌ಗೂ ನಡುವಿನ ಸಮುದ್ರದಲ್ಲಿ ಹೋಗಿ ಕೂರುತ್ತದೆ. ಪೈಥಾನ್ ಇದನ್ನು ಹಿಡಿಯಲಾರದು, ಎರಡೂ ಸಂಖ್ಯೆಗಳೇ. ಇದಕ್ಕಾಗಿಯೇ ನೇಮ್ಡ್‌ಟ್ಯೂಪಲ್ ಇದೆ, ಪೈಥಾನ್ 2.6ರಿಂದಲೂ. ಕಲೆಕ್ಷನ್ಸ್ ಮಾಡ್ಯೂಲ್‌ನಿಂದ ಅದನ್ನು ತಂದು ಹೀಗೆ ಬರೆಯಬಹುದು:

ಹೊಲ = ನೇಮ್ಡ್‌ಟ್ಯೂಪಲ್("ಹೊಲ", "ಸರ್ವೆ ಹಿಸ್ಸಾ ಎಕರೆ ಗುಂಟೆ")
ನಮ್ಮದು = ಹೊಲ(112, "2ಅ", 3, 25)

ನಮ್ಮದು[3] ಎಂದು ಸ್ಥಾನ ಎಣಿಸುವ ಬದಲು ನಮ್ಮದು.ಗುಂಟೆ ಎಂದರೆ ಸಾಕು. ಟ್ಯೂಪಲ್‌ನ ಉಳಿದ ಗುಣಗಳೆಲ್ಲ ಇದಕ್ಕೂ ಇವೆ. ಒಂದು ಸ್ಥಾನ ಬದಲಿಸಲು ಇದರಲ್ಲಿ ರಿಪ್ಲೇಸ್ ಎಂಬ ಮೆಥಡ್ ಇದೆ, ಹೆಸರಿನ ಮುಂದೆ ಒಂದು ಅಂಡರ್‌ಸ್ಕೋರ್ ಹಾಕಿ ಕರೆಯಬೇಕು. ಅದು ಹಳೆಯದನ್ನು ಮುಟ್ಟದೆ ಹೊಸದನ್ನು ಕೊಡುತ್ತದೆ. ಮ್ಯುಟೇಶನ್ ಎಂದರೆ ಅದೇ ತಾನೇ. ಆದರೆ ಆರೇಳು ಸ್ಥಾನಕ್ಕಿಂತ ಹೆಚ್ಚು ಬೇಕಾದರೆ ಅಥವಾ ದಾಖಲೆಗೆ ತನ್ನದೇ ಲೆಕ್ಕಾಚಾರದ ಮೆಥಡ್‌ಗಳು ಬೇಕಾದರೆ 3.7ರಿಂದ ಬಂದ ಡೇಟಾಕ್ಲಾಸ್ ಒಳ್ಳೆಯದು.

ಸಣ್ಣಪುಟ್ಟವು ಕೆಲವು. ಟ್ಯೂಪಲ್‌ಗೆ ಇರುವ ಸಾಮಾನ್ಯ ಮೆಥಡ್ ಎರಡೇ, ಕೌಂಟ್ ಮತ್ತು ಇಂಡೆಕ್ಸ್. ದುಂಡು ಕಂಸದಲ್ಲಿ ಫಾರ್ ಬರೆದರೆ ಟ್ಯೂಪಲ್ ಬರುವುದಿಲ್ಲ, ಬೆಲೆಗಳನ್ನು ಕೇಳಿದಾಗ ಒಂದೊಂದಾಗಿ ಕೊಡುವ ಜನರೇಟರ್ ಬರುತ್ತದೆ. ಮುಂದೆ ಟ್ಯೂಪಲ್ ಎಂದು ಬರೆದರಷ್ಟೇ ಟ್ಯೂಪಲ್. ಟ್ಯೂಪಲನ್ನು ಜೇಸನ್ ಎಂಬ ಮಾಹಿತಿ ನಮೂನೆಯ ಫೈಲಿಗೆ ಬರೆದು ಮತ್ತೆ ಓದಿದರೆ ಲಿಸ್ಟ್ ಆಗಿ ಬರುತ್ತದೆ, ಟ್ಯೂಪಲ್ ಕೀ ಇರುವ ಡಿಕ್ಷನರಿಯನ್ನಂತೂ ಜೇಸನ್ ಬರೆಯಲು ಒಪ್ಪುವುದೇ ಇಲ್ಲ. ಲೂಪ್ ಒಳಗೆ ಟ್ಯೂಪಲ್‌ಗೆ ಒಂದೊಂದೇ ಬೆಸೆಯುತ್ತಾ ಹೋಗಬೇಡಿ, ಪ್ರತಿ ಸಲವೂ ಇಡೀ ಟ್ಯೂಪಲ್ ಹೊಸದಾಗಿ ನಕಲಾಗುತ್ತದೆ. ಲಿಸ್ಟ್‌ನಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ಪರಿವರ್ತಿಸಿ.

ಹೆಸರಿಗೂ ಹೆದರಬೇಕಿಲ್ಲ. ಇಂಗ್ಲಿಷಿನ ಡಬಲ್, ಟ್ರಿಪಲ್ ಸಾಲಿನಲ್ಲೇ ಮುಂದೆ ಬರುವ ಕ್ವಿಂಟುಪಲ್ ಮುಂತಾದವುಗಳ ಬಾಲವನ್ನು ಕತ್ತರಿಸಿ ಮಾಡಿದ ಪದ ಅದು. ನಮ್ಮಲ್ಲಿ ದ್ವಯ, ತ್ರಯ, ಚತುಷ್ಟಯ, ಪಂಚಕ ಇವೆ. ಧಾರವಾಡದ ಮಕ್ಕಳಿಗೆ ಸಪ್ತಕ ಬೇರೆ ಹೇಳಿಕೊಡಬೇಕಿಲ್ಲ: ಏಳು ಸ್ವರ, ಒಂದೊಂದಕ್ಕೂ ತನ್ನ ಜಾಗ.

ಪ್ರಶ್ನೆಪತ್ರಿಕೆ ತೆಗೆಯುವವರು "ಲಿಸ್ಟ್ ಮತ್ತು ಟ್ಯೂಪಲ್‌ಗಳ ವ್ಯತ್ಯಾಸ ಬರೆಯಿರಿ" ಎಂಬುದನ್ನು ಒಂದು ವರ್ಷ ಬದಿಗಿಟ್ಟು, ಬದಲಿಗೆ ಇಂಥವನ್ನು ಕೇಳಲಿ: (7) ಮತ್ತು (7,) ಇವುಗಳ ಟೈಪ್ ಏನು? (2, 38) ಮತ್ತು (1, 12) ಎಂಬ ಎರಡು ಹೊಲಗಳ ಒಟ್ಟು ವಿಸ್ತೀರ್ಣವನ್ನು ಎಕರೆ, ಗುಂಟೆಯಲ್ಲಿ ಕೊಡುವ ಫಂಕ್ಷನ್ ಬರೆಯಿರಿ. ಕೆಳಗಿನ ಸಾರ್ಟ್ ಮೂರು ಸಾಲಿಗೆ ಸರಿ ಇದ್ದು ನಾಲ್ಕನೆಯದು ಸೇರಿದ ಮೇಲೆ ಏಕೆ ನಿಂತಿತು? ಲ್ಯಾಬ್‌ಗೆ ಬರುವಾಗ ಮಕ್ಕಳು ಮನೆಯ ಉತಾರದಿಂದ ಹೆಸರು, ಖಾತೆ ನಂಬರ್ ಬಿಟ್ಟು ಸರ್ವೆ, ಹಿಸ್ಸಾ, ವಿಸ್ತೀರ್ಣ ಮಾತ್ರ ಚೀಟಿಯಲ್ಲಿ ಬರೆದುಕೊಂಡು ಬರಲಿ. ಹೊಲ ಇಲ್ಲದ ಮನೆಯವರು ಹೆಸ್ಕಾಂ ವಿದ್ಯುತ್ ಬಿಲ್ಲಿನ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಬರೆದುಕೊಂಡು ಬರಲಿ. ಅವೆರಡನ್ನು ಹಿಂದುಮುಂದು ಮಾಡಿ ಕಳೆದರೆ ಯೂನಿಟ್ ಎಷ್ಟು ಬರುತ್ತದೆ ಎಂದು ಅವರೇ ನೋಡಲಿ.

ಇಂತಿ,
ಕಂಪ್ಯೂಟರ್ ವಿಜ್ಞಾನ ಕಲಿಸುವ ಕೆಲವರು,
ಧಾರವಾಡ